ಕೂಗದೆ ಹತ್ತಿದ ಮಾಳಿಗೆ

ಬುಧವಾರ, ಫೆಬ್ರುವರಿ ೧೦
ರಮಜಾನಿನ ಎರಡನೆಯ ರೋಜಾ

ಗೋಡೆಯಾಚೆಯ ನನ್ನ ಸಾವಕ್ಕನಿಗೆ,

ನಿನ್ನ ಗೌಸಬಿಯ ಸಲಾಮೂ ಶರಣೂ.

ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಪತ್ರ ಬರೆಯುತ್ತಿರುವವಳನ್ನು ಕಂಡು ನೀನು ಮೊದಲು ನಗುತ್ತೀ. ನಾನಿಲ್ಲಿ ಕೆಮ್ಮಿದರೆ ನೀನಲ್ಲಿ ಕಷಾಯಕ್ಕೆ ಇಡುವವಳು. ನಿನ್ನ ಸಾರಿಗೆ ಒಗ್ಗರಣೆ ಬಿದ್ದರೆ ನಮ್ಮ ಮನೆಯಲ್ಲಿ ಸೀನು. ಅಂಥದ್ದರಲ್ಲಿ ಕಾಗದ ಯಾಕೆ ಬೇಕಾಯಿತು ಎಂದರೆ, ನಿನ್ನ ಮುಖ ನೋಡಿಕೊಂಡು ಈ ಮಾತು ಹೇಳಲು ನನಗೆ ಧೈರ್ಯವಿಲ್ಲ. ಹೇಳಲೆಂದೇ ನಿಮ್ಮ ಹೊಸ್ತಿಲವರೆಗೆ ಬಂದಿದ್ದೆ. ಒಂದು ಸಲ ಮಜ್ಜಿಗೆ ಕೇಳಿಕೊಂಡು ಹಿಂದಿರುಗಿದೆ. ಇನ್ನೊಂದು ಸಲ ನಿಮ್ಮ ಎಮ್ಮೆಯನ್ನು ಹೊಗಳಿ ಬಂದೆ. ಆ ಎಮ್ಮೆಯನ್ನು ನಾನು ಎಂದೂ ಹೊಗಳಿದವಳಲ್ಲ, ನಿನಗೆ ಆಗಲೇ ಅನುಮಾನ ಬರಬೇಕಿತ್ತು.

ನಿನ್ನೆ ಮೊದಲ ರೋಜಾ ಬಿಡುವ ಹೊತ್ತಿಗೆ ಪ್ರತಿ ವರ್ಷದಂತೆ ನಿನ್ನ ಹಿತ್ತಾಳೆ ಬಟ್ಟಲು ಬಂತು. ಬಾಳೆಹಣ್ಣು, ನೆನೆಸಿದ ಕಡಲೆ, ಬೆಲ್ಲ. ಈ ವರ್ಷ ಬರಲಾರದು ಎಂದುಕೊಂಡಿದ್ದೆ. ಬರದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊಟ್ಟವರ ಪಾತ್ರೆ ಖಾಲಿ ಮರಳಿಸಬಾರದು ಎನ್ನುವುದು ನಿನ್ನ ಮನೆಯಲ್ಲೂ ಇದೆ, ನನ್ನ ಮನೆಯಲ್ಲೂ ಇದೆ. ನಾನು ಖರ್ಜೂರ ಹಾಕಿ ಕಳಿಸುತ್ತಿದ್ದೆ, ನೀನು ಕುಸುಬಿ, ಸಕ್ಕರೆ, ಏನಿಲ್ಲದಿದ್ದರೆ ಒಂದು ಬೊಗಸೆ ಜೋಳವನ್ನಾದರೂ ಹಾಕುತ್ತಿದ್ದೆ. ಈ ಸಲ ಬಟ್ಟಲಲ್ಲಿ ಈ ಪತ್ರ ಇಟ್ಟು ಸೊಸೆಯ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನಗೆ ಓದಲು ಬರುವುದಿಲ್ಲ. ಓದಿ ಹೇಳುವವಳು ನಿನ್ನ ಮಗಳು ಕಾವೇರಿಯೇ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕಾವೇರಿ, ಮಗಳೇ, ಒಂದು ಸಾಲನ್ನೂ ಬಿಡದೆ ಓದು. ಚಿಗವ್ವನ ಮರ್ಯಾದೆ ಎಂದು ನಡುವೆ ನಿನ್ನ ಮಾತು ಸೇರಿಸಬೇಡ.

ಪತ್ರ ಬರೆಸಿದ್ದು ಬಟ್ಟಲೊಂದೇ ಅಲ್ಲ. ಮೊನ್ನೆ ಮಧ್ಯಾಹ್ನ ಮಾಳಿಗೆಗೆ ಹೋದಾಗ ನಿಮ್ಮ ಕಡೆ ಕಣ್ಣು ಹಾಯಿತು. ನೀನು ಮೆಣಸಿನಕಾಯಿ ಒಣಹಾಕಿದ್ದೆ. ಕೆಳಗೆ ಹಾಸಿದ್ದು ಗೋಣಿಯಲ್ಲ, ಕಾವೇರಿಯ ಬಿಳಿ ಕೋಟು. ಗದಗಿನಲ್ಲಿ ನರ್ಸಿಂಗ್ ಕಲಿಯಲು ಹೋದ ಮೊದಲ ದಿನ ಅದನ್ನು ಹಾಕಿಕೊಂಡು ನಮ್ಮ ಅಡುಗೆಮನೆಗೆ ಬಂದು, ನನ್ನ ಕೈ ಹಿಡಿದು ನಾಡಿ ನೋಡಿದ್ದಳಲ್ಲ, ಅದೇ ಕೋಟು. ತೋಳುಗಳನ್ನು ಅಗಲಿಸಿ, ಗುಂಡಿ ಬಿಚ್ಚಿ ಹಾಸಿದ್ದೆ. ಮೆಣಸಿನಕಾಯಿಯ ಬಣ್ಣ ಆಗಲೇ ಹತ್ತಿತ್ತು. ಇನ್ನು ಕಾಲೇಜಿಗೆ ಹೋಗುವುದಿಲ್ಲವಾದ ಮೇಲೆ ಬಟ್ಟೆ ಯಾಕೆ ದಂಡವಾಗಬೇಕು ಎಂದು ನೀನು ಹಾಸಿರುತ್ತೀ. ನಾನು ಒಣಗಲು ಹಾಕಿದ ಶಾವಿಗೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಂದೆ.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಡುವಿನಿಂದ ಶುರು ಮಾಡಿದರೆ ನಾನು ಮತ್ತೆ ಎಲ್ಲಾದರೂ ಜಾರಿಕೊಳ್ಳುತ್ತೇನೆ.

ನಮ್ಮ ಸೊಸೆ ಗುಲ್ನಾಜ ಬೆಟಗೇರಿಯವಳು, ಕಲಿತವಳು. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಯಾವುದೋ ಕಂಪನಿಯ ಲೆಕ್ಕ ಬರೆಯುವ ಕೆಲಸ ಹಿಡಿದಳು. ನಮ್ಮೂರಿನ ಹಣೆಬರಹವೋ, ಕಪ್ಪತಗುಡ್ಡದ ಮರೆಯಲ್ಲಿ ಕೂತ ಊರು. ಫೋನಿಗೆ ರೇಂಜ್ ಬೇಕೆಂದರೆ ಹಳ್ಳದ ಸೇತುವೆಗೆ ನಡೆಯಬೇಕು. ಸಂಜೆ ಸೇತುವೆಯ ಮೇಲೆ ಸಾಲಾಗಿ ತಲೆ ಬಗ್ಗಿಸಿ ಕೂತ ನಮ್ಮೂರ ಜನರನ್ನು ನೋಡಿ ಹೊಸಬರು ಯಾರಾದರೂ ತೀರಿಕೊಂಡರೇನೋ ಎಂದು ಕೇಳುತ್ತಾರೆ. ಸೊಸೆಯೂ ಅಲ್ಲಿಗೆ ಹೋಗಿ ಕುಳಿತಳು. ಬಿಸಿಲು ನೋಡಿದಳು, ಗಾಳಿ ನೋಡಿದಳು, ಟ್ರ್ಯಾಕ್ಟರಿನ ಧೂಳು ನೋಡಿದಳು, ಕೊನೆಗೆ ತವರಿಗೆ ಹೋಗಿ ಕೆಲಸ ಮಾಡುತ್ತೇನೆ ಎಂದಳು. ಅವಳು ಹೋದರೆ ನನ್ನ ಮಗ ಮುಸ್ತಾಕ ಬೆನ್ನಿಗೇ ಹೋಗುತ್ತಾನೆ. ಅವನ ಟೆಂಪೋಗೆ ಬೆಟಗೇರಿಯಲ್ಲೇನು ಬಾಡಿಗೆ ಕಡಿಮೆಯೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲದಲ್ಲಿ ತವರಿಗೆ ಹೋಗುತ್ತೇನೆ ಎಂದರೆ ಅತ್ತೆ ಹಿಟ್ಟು ಬೀಸಿಟ್ಟು ಹೋಗು ಎನ್ನುತ್ತಿದ್ದಳು. ನಾನು ಮಾತ್ರ ಹೆದರಿ, ಏನಾದರೂ ಮಾಡಿ ಇಲ್ಲೇ ಇರಿ ಎಂದೆ.

ಆಗ ಬಂದದ್ದು ಆಕಾಶದಿಂದ ನೇರವಾಗಿ ಇಂಟರ್ನೆಟ್ ಇಳಿಸಿಕೊಳ್ಳುವ ಡಿಶ್. ಟೀವಿಯ ಛತ್ರಿಯಂಥದ್ದಲ್ಲ, ಚಹಾದ ಟ್ರೇ ಹಾಗೆ ಚಪ್ಪಟೆ. ಲಕ್ಷ್ಮೇಶ್ವರದ ಅಂಗಡಿಯವರು ಅದನ್ನು ಎಲ್ಲಿ ಕೂಡಿಸಬೇಕೆಂದು ನೋಡಲು ಬೀರಲಿಂಗನನ್ನು ಕಳಿಸಿದರು. ನೀನು ಅವನನ್ನು ನೋಡಿದ್ದು ಓಣಿಯಲ್ಲಿ, ಅಂಗಿ ಹರಿದು ನಿಂತಿದ್ದಾಗ. ನಾನು ಅದಕ್ಕೂ ಮೊದಲು ನೋಡಿದ್ದೆ. ಒಮ್ಮೆ ಮುಂಚಿತವಾಗಿ ಬಂದು ಅಂಗಳದಿಂದಲೇ ನೋಡಿ, ನಮ್ಮ ಮಾಳಿಗೆಯದು ಮಣ್ಣು, ತೂತು ಕೊರೆದರೆ ಮಳೆಗಾಲದಲ್ಲಿ ಒಳಗೆ ಸೋರುತ್ತದೆ ಎಂದ. ನಡುವೆ ಇಟ್ಟರೆ ನಮ್ಮ ಬೇವಿನಮರ ಆಕಾಶಕ್ಕೆ ಅಡ್ಡ. ಮರದ ನೆರಳು ತಪ್ಪಿ, ಕಲ್ಲಿನ ಗಟ್ಟಿ ಆಸರೆಯೂ ಸಿಗುವ ಜಾಗ ಒಂದೇ, ನಿಮ್ಮ ನಮ್ಮ ಕೂಡುಗೋಡೆ. ಅದರ ತಲೆಯ ಮೇಲೆ ಯಾವ ತುದಿಗೆ ಆಕಾಶ ಪೂರಾ ತೆರೆದಿದೆ ಎಂದು ಮೇಲೆ ಹತ್ತಿ ಫೋನಿನಲ್ಲಿ ನೋಡಿ ಹೇಳುತ್ತೇನೆ, ಬಾಜೂ ಮನೆಯವರನ್ನು ಒಂದು ಮಾತು ಕೇಳಿಡಿ ಎಂದು ಹೇಳಿ ಹೋದ.

ಆ ಒಂದು ಮಾತು ಕೇಳಲು ನನಗೇನಾಗಿತ್ತು, ಸಾವಕ್ಕ? ನೀನು ಬೇಡ ಎನ್ನುತ್ತೀ ಎಂಬ ಹೆದರಿಕೆಯಲ್ಲ. ಆತು ಎನ್ನುತ್ತೀ ಎಂಬ ಹೆದರಿಕೆ. ಸಂಕ್ರಾಂತಿಗೆ ಊರಿಗೆ ಬಂದಾಗ ಕಾವೇರಿ ಸೊಸೆಯ ಜೊತೆ ಸೇತುವೆಯ ಮೇಲೆ ಕುಳಿತು ಕಾಲೇಜಿನ ಪಾಠ ಕೇಳಿ ಬಂದವಳು, "ಚಿಗವ್ವಾ, ನಿಮ್ಮನ್ಯಾಗ ನೆಟ್ ಬಂದ್ರ ನಾ ನಿಮ್ಮ ಪಡಸಾಲ್ಯಾಗ ಬಂದು ಕುಂಡ್ರತೀನಿ ನೋಡ" ಎಂದಿದ್ದಳು. ಬಾ ಮಗಳೇ ಎಂದು ಬಾಯಲ್ಲಿ ಅಂದೆ. ಒಳಗೆ ಬೇರೆ ಲೆಕ್ಕ ನಡೆದಿತ್ತು. ಇವಳಿಗೆ ಕೊಟ್ಟರೆ ಓಣಿಯೆಲ್ಲ ಬರುತ್ತದೆ, ನಲ್ಲಿಗೆ ಕೊಡ ಹೆಚ್ಚಾದಷ್ಟು ನಮ್ಮ ಪಾಲಿನ ನೀರು ಸಣ್ಣಗಾಗುತ್ತದೆ, ಸೊಸೆಯ ಕೆಲಸ ನಿಂತರೆ ಮತ್ತೆ ತವರಿನ ಮಾತು. ನಿನ್ನ ಗೋಡೆ ಕೇಳಿದ ಮೇಲೆ ನಿನ್ನ ಮಗಳಿಗೆ ಇಲ್ಲ ಎನ್ನಲಾಗುತ್ತದೆಯೇ? ಅದಕ್ಕೆ ಕೇಳದೆಯೇ ಕೂಡಿಸಿಬಿಡೋಣ, ಒಮ್ಮೆ ನಿಂತದ್ದನ್ನು ತೆಗಿ ಎನ್ನುವವರು ಯಾರು ಎಂದು ಯೋಚಿಸಿದೆ. ನಾಚಿಕೆಯಾಗುತ್ತಿದೆ ಬರೆಯಲು. ನೀನು ಬಾಣಂತಿಯಾಗಿ ಮಲಗಿದ್ದಾಗ ಆ ಹುಡುಗಿಗೆ ಮೊದಲ ನೀರು ಎರೆದವಳು ನಾನು. ಆಕಾಶದಿಂದ ಇಳಿದು ಬರುವುದರಲ್ಲಿ ಅವಳಿಗೊಂದು ಪಾಲು ಕೊಡಲು ನನ್ನ ಕೈ ಗಿಡ್ಡವಾಯಿತು.

ಸಂತೆಯ ದಿನ ನೋಡಿ ಬೀರಲಿಂಗನನ್ನು ಕರೆಸಿದೆ. ನೀನೂ ನಿನ್ನ ಯಜಮಾನ ಫಕ್ಕೀರಪ್ಪಣ್ಣನೂ ಬೆಳಿಗ್ಗೆಯೇ ಮುಂಡರಗಿಗೆ ಹೋಗಿದ್ದಿರಿ. ಹಬ್ಬ ಮುಗಿದಿತ್ತು, ಕಾವೇರಿಯೂ ಬೆಳಗಿನ ಬಸ್ಸಿಗೆ ಗದಗಿಗೆ ಹೋದಳು ಎಂದುಕೊಂಡಿದ್ದೆ. ಅವನು ನಿಚ್ಚಣಿಕೆಗೆ ಕೈ ಹಚ್ಚಿ, ಕೂಗಲು ಬಾಯಿ ತೆರೆದ.

ಈ ಕೂಗು ನಮ್ಮ ಊರಲ್ಲಿ ಕೂಸಿಗೂ ಗೊತ್ತು. ನಮ್ಮ ಮಾಳಿಗೆಗಳು ಒಂದಕ್ಕೊಂದು ಕೂಡಿಕೊಂಡಿವೆ, ಹಿತ್ತಿಲಿನ ಬಚ್ಚಲುಗಳಿಗೆ ಸೂರಿಲ್ಲ. ಗಂಡಸರು ಮೇಲೆ ಹತ್ತುವ ಮೊದಲು "ಮಾಳಗಿ ಹತ್ತಾಕತ್ತೀನ್ರೀ" ಎಂದು ಕೂಗಬೇಕು. ಸುತ್ತಲಿನ ಹೆಂಗಸರು ಸೀರೆ ಸರಿಮಾಡಿಕೊಂಡು, ಒಳಗೆ ಹೋಗಬೇಕಾದವರು ಹೋಗಿ, "ಆತು, ಹತ್ರೀ" ಎನ್ನಬೇಕು. ಉತ್ತರ ಬರುವವರೆಗೆ ಮೊದಲ ಮೆಟ್ಟಿಲಿಗೆ ಕಾಲಿಡುವಂತಿಲ್ಲ. ನಮ್ಮ ಯಜಮಾನರು ರಮಜಾನಿನ ಚಂದ್ರನನ್ನು ನೋಡಲು ಹತ್ತುವಾಗಲೂ ಕೂಗುತ್ತಾರೆ. ಚಂದ್ರ ಮುಳುಗುವ ಹೊತ್ತಾದರೂ ನಿನ್ನ ಉತ್ತರ ಬಾರದೆ ಅವರು ಕೆಳಗೇ ನಿಂತು ಒದ್ದಾಡಿದ ವರ್ಷ ನಾವಿಬ್ಬರೂ ಎಷ್ಟು ನಕ್ಕಿದ್ದೆವು.

ನಾನು ಬೀರಲಿಂಗನ ಬಾಯಿ ಮುಚ್ಚಿಸಿದೆ. "ಕೂಗೂದು ಬ್ಯಾಡಪಾ, ಓಣ್ಯಾಗಿನ ಮಂದಿಯೆಲ್ಲಾ ಕೂಡ್ತಾರ" ಎಂದೆ. ಅವನು ಅನುಮಾನಿಸಿದ. "ಹಂಗ ಹತ್ತಬಾರ್ದ್ರೀ ಅವ್ವಾರ. ನಮ್ಮೂರಾಗೂ ಕೂಗೇ ಹತ್ತೂದ್ರಿ" ಎಂದ. "ಬಾಜೂ ಮನ್ಯಾಗ ಯಾರೂ ಇಲ್ಲ. ನಾ ಹೇಳಾಕತ್ತೇನಲ್ಲಾ, ಹತ್ತು" ಎಂದು ಗದರಿದೆ. ದೊಡ್ಡವರ ಮಾತು ಎಂದು ಹತ್ತಿದ. ಅಡುಗೆಮನೆಯ ಬಾಗಿಲಲ್ಲಿ ಗುಲ್ನಾಜ ನಿಂತಿದ್ದಳು, ಅವಳೂ ಕೇಳಿದಳು.

ಮೇಲೆ ಅವನು ಮಾಡಿದ್ದು ಇಷ್ಟು. ಫೋನನ್ನು ಮುಖದ ಮುಂದೆ ಮೇಲೆತ್ತಿ ಹಿಡಿದು, ನಿಂತಲ್ಲೇ ಮೆಲ್ಲಗೆ ಒಂದು ಸುತ್ತು ತಿರುಗಬೇಕು. ಆಕಾಶದಲ್ಲಿ ಎಲ್ಲಿ ಮರ ಅಡ್ಡ ಬರುತ್ತದೆ, ಎಲ್ಲಿ ಬಯಲಿದೆ ಎಂದು ಫೋನು ಗುರುತು ಹಾಕಿ ತೋರಿಸುತ್ತದೆ. ಹಾಗೆ ತಿರುಗುತ್ತ, ನೋಡುತ್ತ, ಸರಿಯುತ್ತ ಕೂಡುಗೋಡೆಯ ಆ ತುದಿಗೆ ಹೋದ. ಕೆಳಗೆ ನಿಮ್ಮ ಬಚ್ಚಲು. ಕಾವೇರಿ ತಲೆಗೆ ಎರೆದುಕೊಳ್ಳುತ್ತಿದ್ದಳು. ಕಣ್ಣಿನಿಂದ ನೀರು ಒರೆಸಿಕೊಂಡು ತಲೆಯೆತ್ತಿದರೆ ಗೋಡೆಯ ಮೇಲೆ ಗುರುತಿಲ್ಲದ ಗಂಡಸು, ಕೈಯಲ್ಲಿ ಫೋನು. ಅವಳು ಕಿರುಚಿದ್ದು ಕೇಳಿ ಈಗಲೂ ನನ್ನ ನಿದ್ದೆ ಒಡೆಯುತ್ತದೆ.

ಮುಂದಿನದು ನೀನು ಕಂಡದ್ದೇ. ಮಂದಿ ಅವನನ್ನು ಕೆಳಗಿಳಿಸಿ ಓಣಿಯ ಕಟ್ಟೆಗೆ ಎಳೆದು ತಂದರು. ನೀವು ಸಂತೆಯಿಂದ ಬರುವವರೆಗೂ ಕೂಡಿಸಿಕೊಂಡಿದ್ದರು. ಫೋನಿನಲ್ಲಿ ಆಕಾಶ ಬಿಟ್ಟರೆ ಏನೂ ಸಿಗಲಿಲ್ಲ. ಇದರಲ್ಲಿ ಚಿತ್ರ ಉಳಿಯುವುದೇ ಇಲ್ಲ ಎಂದು ಗುಲ್ನಾಜ ಬಾಗಿಲ ಮರೆಯಿಂದ ಹೇಳಿದಳು. ಆದರೆ ಕದ್ದು ಹತ್ತಿದವನ ಫೋನನ್ನು ಯಾರು ನಂಬುತ್ತಾರೆ? ಎಲ್ಲವೂ ಬಂದು ನಿಂತದ್ದು ಅವನು ಯಾಕೆ ಕೂಗಲಿಲ್ಲ ಎನ್ನುವ ಒಂದು ಮಾತಿನ ಮೇಲೆ. ಅವನು ನನ್ನತ್ತ ಕೈ ಮಾಡಿದ. "ಈ ಅವ್ವಾರ ಕೂಗಬ್ಯಾಡ ಅಂದ್ರರೀ" ಎಂದ.

ಓಣಿಯ ಹಿರಿಯರು ಅಂದಾನಪ್ಪನವರು ನನ್ನನ್ನು ಕೇಳಿದರು. "ಗೌಸಬಿ, ಖರೇನ? ನೀ ಹಂಗ ಅಂದಿದ್ದೇನು?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ನಾನು ಹೇಳಿದ್ದು, "ನಾ ಯಾಕ ಹಂಗ ಹೇಳಲ್ರೀ? ನಮ್ಮೂರ ರಿವಾಜು ನನಗ ಗೊತ್ತಿಲ್ಲೇನ್ರೀ?"

ಅವನು ನನ್ನ ಮುಖ ನೋಡಿದ. ಯಾರೋ ಎರಡೂ ಮಾತು ತೂಗಿ ನೋಡೋಣ ಎಂದರು. ಆಗ ನೀನು ಸಂತೆಯ ಚೀಲ ಕೆಳಗಿಟ್ಟು ಮುಂದೆ ಬಂದೆ, ಸಾವಕ್ಕ. "ಅಕಿ ನನ್ನ ತಂಗಿ ಅದಾಳ. ಅಕಿ ಬಾಯಾಗ ಸುಳ್ಳ ಬರಂಗಿಲ್ಲ. ನಾ ಹೇಳತೀನಿ" ಎಂದೆ. ನಿನ್ನ ಮಗಳ ಮಾನದ ಮಾತು ಅದು. ನೀನು ನನ್ನ ಮೇಲೆ ಆಣೆಯಿಟ್ಟ ಹಾಗೆ ಹೇಳಿದ ಮೇಲೆ ತೂಗುವವರು ಯಾರು? ಫಕ್ಕೀರಪ್ಪಣ್ಣನ ಕೈ ಮೊದಲು ಎದ್ದಿತು. ಆಮೇಲೆ ಕೈಗಳಿಗೆ ಲೆಕ್ಕವಿರಲಿಲ್ಲ. ಫೋನನ್ನು ಕಲ್ಲಿಗೆ ಬಡಿದರು. ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತೆ. ಹೊರಗೆ ಅವನು ಅವ್ವಾ ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. ನನ್ನನ್ನು ಕರೆಯುತ್ತಿದ್ದಾನೋ ತನ್ನ ಹೆತ್ತವಳನ್ನೋ ತಿಳಿಯಲಿಲ್ಲ.

ಅಂದು ಸಂಜೆ ನೀನೇ ನಮ್ಮ ಮನೆಗೆ ಬಂದೆ, ನನಗೆ ಸಮಾಧಾನ ಹೇಳಲು! "ನಿನ್ನ ಹೆಸರ ಸುಮ್ಮಸುಮ್ಮನ ತಂದ ನೋಡ ಆ ಭಾಡ್ಯಾ" ಎಂದು ನನ್ನ ಬೆನ್ನು ಸವರಿದೆ. ಡಿಶ್ ಎಲ್ಲಿ ಕೂಡಿಸಬೇಕೆಂದಿದ್ದಿರಿ ಎಂದು ನೀನೇ ಕೇಳಿದೆ. ಕೂಡುಗೋಡೆ ಎಂದೆ ನಾನು. ನೆಲ ನೋಡಿಕೊಂಡು ಹೇಳಿದೆ. "ಅದಕ್ಕೇನಾತು, ಗ್ವಾಡಿ ಇಬ್ಬರದು. ನನ್ನ ಹಪ್ಪಳಕ್ಕ ನೆಳ್ಳ ಬೀಳದಂಗ ಇಡ್ರಿ ಅಂದ್ರ ಮುಗೀತು" ಎಂದು ನೀನು ಎದ್ದು ಹೋದೆ. ಅಷ್ಟೇ ಇತ್ತು, ನಾನು ಕೇಳಲು ಅಂಜಿದ ಮಾತು. ಆಮೇಲೆ ಅಂಗಡಿಯಿಂದ ಬೇರೆಯವನು ಬಂದ, ಮುಸ್ತಾಕ ಕೂಗಿದ, ನೀನೇ ಹತ್ರೀ ಎಂದೆ, ಡಿಶ್ ಕೂತಿತು. ಈಗ ಗುಲ್ನಾಜ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಾಳೆ. ಊರೆಲ್ಲ ಸೇತುವೆಗೆ ಹೋಗುವಾಗ ನಮ್ಮ ಪಡಸಾಲೆಯಲ್ಲಿ ಅಮೆರಿಕದ ಮಾತೂ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಮಾತ್ರ ನಿಮ್ಮ ಮನೆಯ ಮಾತು ಕೇಳದಂತಾಗಿದೆ. ಕೇಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಕಾವೇರಿಯ ವಿಡಿಯೋ ಇದೆಯಂತೆ, ಯಾರೋ ನೋಡಿದ್ದಾರಂತೆ ಎಂಬ ಸುದ್ದಿ ಹುಟ್ಟಿದ್ದು ಆ ಸೇತುವೆಯ ಮೇಲೆಯೇ. ಇಲ್ಲದ ವಿಡಿಯೋ ನೋಡಿದವರು ನಮ್ಮೂರಲ್ಲಿ ದಿನಕ್ಕೆ ಹೆಚ್ಚುತ್ತಿದ್ದಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕೇಕೆ ಹಾಕಿದರಂತೆ. ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದಳಂತೆ. ಫಕ್ಕೀರಪ್ಪಣ್ಣ "ಸಾಕಿನ್ನ, ಮನ್ಯಾಗಿರು" ಎಂದರೆಂದು ನೀನು ಬೆಳಕಿಂಡಿಯ ಹತ್ತಿರ ನಿಂತು ಹೇಳುವಾಗ ನಾನು ಕೆಳಗಿನಿಂದ ಹೂಂ ಎನ್ನುತ್ತಿದ್ದೆ. ಅವಳು ಈಗ ಬಚ್ಚಲಿಗೂ ಒಬ್ಬಳೇ ಹೋಗುವುದಿಲ್ಲ, ನೀನು ಬಾಗಿಲಲ್ಲಿ ನಿಲ್ಲಬೇಕು ಎಂದೂ ನೀನೇ ಹೇಳಿದೆ. ಯಾರೋ ಗೊತ್ತುಮಾಡಿಕೊಂಡು, ಹೊಂಚಿ, ಕಳ್ಳಹೆಜ್ಜೆಯಲ್ಲಿ ಬಂದ ಎಂದು ಆ ಹುಡುಗಿ ನಂಬಿಕೊಂಡಿದ್ದಾಳೆ. ಅವಳನ್ನು ಹೆದರಿಸುತ್ತಿರುವುದು ಅದೇ.

ಕಾವೇರಿ, ಅವನು ಹೊಂಚಿ ಬರಲಿಲ್ಲ. ಅವನಿಗೆ ನೀನಲ್ಲಿ ಇರುವುದು ಗೊತ್ತಿರಲಿಲ್ಲ. ಅವನ ಕಣ್ಣು ಆಕಾಶದ ಮೇಲಿತ್ತು. ಕಳ್ಳಹೆಜ್ಜೆ ಇಟ್ಟವಳು ನಿನ್ನ ಚಿಗವ್ವ. ನಿನ್ನ ಚಿತ್ರ ಯಾರ ಹತ್ತಿರವೂ ಇಲ್ಲ, ಇರಲು ಸಾಧ್ಯವೇ ಇಲ್ಲ. ಯಾರ ಕಣ್ಣಿಗೂ ಅಂಜಿ ನೀನು ತಲೆ ತಗ್ಗಿಸಬೇಕಾಗಿಲ್ಲ. ತಗ್ಗಿಸಬೇಕಾದ ತಲೆ ಈ ಮನೆಯಲ್ಲಿದೆ.

ಇನ್ನೊಂದು ಮಾತು, ಸಾವಕ್ಕ, ಇದು ನಿನಗೆ ಗೊತ್ತಿಲ್ಲ. ಹೋದ ವಾರ ಬೀರಲಿಂಗನ ತಾಯಿ ನಮ್ಮ ಮನೆಗೆ ಬಂದಿದ್ದಳು. ಶಿರಹಟ್ಟಿಯ ಕಡೆಯ ಹಳ್ಳಿಯವಳು, ವಿಳಾಸ ಕೇಳಿಕೊಂಡು ಒಬ್ಬಳೇ ಬಂದಿದ್ದಳು. ಅಂಗಡಿಯವರು ಅವನನ್ನು ಕೆಲಸದಿಂದ ಬಿಡಿಸಿದ್ದಾರೆ. ಮದುವೆಗೆ ಹೆಣ್ಣು ಗೊತ್ತಾಗಿತ್ತಂತೆ, ಅವರೂ ಬೇಡ ಎಂದಿದ್ದಾರೆ. ಜಗಳಕ್ಕೆ ಬಂದಿದ್ದರೆ ನನಗೂ ಬಾಯಿ ಇತ್ತು. ಅವಳು ಕೈ ಮುಗಿದುಕೊಂಡು ಕುಳಿತಳು. "ನನ್ನ ಮಗ ಕೂಗಲಿಲ್ಲ, ಅದು ಖರೆ ಐತ್ರಿ ಯವ್ವಾ. ಯಾಕ ಕೂಗಲಿಲ್ಲ, ಅಷ್ಟ ಹೇಳ್ರಿ. ನಾ ಯಾರ ಮುಂದೂ ಅನ್ನಂಗಿಲ್ಲ. ನನಗ ಅಂವ ಎಂಥಾಂವ ಅನ್ನೂದು ತಿಳದ್ರ ಸಾಕು" ಎಂದಳು. ಹೆತ್ತ ತಾಯಿ ತನ್ನ ಮಗ ಎಂಥವನು ಎಂದು ನನ್ನನ್ನು ಕೇಳಿದಳು! ನನಗೆ ಗೊತ್ತಿಲ್ಲ ತಾಯಿ ಎಂದೆ. ಚಹಾ ಮಾಡಿಕೊಟ್ಟೆ. ಅವಳು ಮುಟ್ಟಲಿಲ್ಲ. ಆರಿದ ಚಹಾ ಚೆಲ್ಲುವಾಗ ಗುಲ್ನಾಜ ನನ್ನ ಹಿಂದೆ ಬಂದು ನಿಂತಳು. "ಅತ್ತೀ, ನೀವ ಅಂದಿದ್ರಲ್ರೀ, ನಾ ಕೇಳಿನ್ರೀ" ಎಂದಳು. ಮನೆಯ ಮಾತು ಮನೆಯಲ್ಲಿರಲಿ ಎಂದು ಬಾಯಿ ಮುಚ್ಚಿಸಿದೆ. ಎರಡನೆಯ ಸಲ ಒಬ್ಬರ ಬಾಯಿ ಮುಚ್ಚಿಸಿದ್ದು ಅದು. ಯಾರು ಹೋಗಬಾರದೆಂದು ಇಷ್ಟೆಲ್ಲ ಮಾಡಿದೆನೋ, ಅವಳು ಅಂದಿನಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಲ್ಲ. ಬೆಟಗೇರಿ ಇದಕ್ಕಿಂತ ಹತ್ತಿರವಿತ್ತು.

ಮೊನ್ನೆ ಸಂಜೆ ಯಜಮಾನರು ಚಂದ್ರನನ್ನು ನೋಡಲು ಹೊರಟು, ಕೆಳಗಿನಿಂದ ಕೂಗಿದರು. ನಿಮ್ಮ ಮನೆಯಿಂದ ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ನಿಮ್ಮ ಹಿತ್ತಿಲಲ್ಲಿ ಯಾರೋ 'ಅವ್ವಾ, ಬಾಗಲಾ ಹಾಕು' ಎಂದು ಓಡಿದ ಸದ್ದಾಯಿತು. ಕಾವೇರಿಯ ದನಿ. ಚಿಕ್ಕವಳಿದ್ದಾಗ ಆ ಕೂಗಿಗೆ ಎಲ್ಲರಿಗಿಂತ ಮೊದಲು ಹತ್ರೀ ಎಂದು ಚೀರುತ್ತಿದ್ದವಳು ಅವಳೇ. ಯಜಮಾನರು ನಿಚ್ಚಣಿಕೆ ಬಿಟ್ಟು ಅಂಗಳದಲ್ಲೇ ನಿಂತರು. ಚಂದ್ರ ಕಂಡ ಸುದ್ದಿ ಮಸೀದಿಯ ಮೈಕಿನಲ್ಲಿ ಕೇಳಿದೆವು. ರೋಜಾದಲ್ಲಿ ಹಸಿವು ನೀರಡಿಕೆ ತಡೆದರೆ ಸಾಲದು, ನಾಲಿಗೆಯನ್ನೂ ತಡೆಯಬೇಕು ಎಂದು ನಾನೇ ಮಕ್ಕಳಿಗೆ ಹೇಳಿ ಬೆಳೆಸಿದವಳು. ಬಾಯಲ್ಲಿ ಸುಳ್ಳಿಟ್ಟುಕೊಂಡು ಹಸಿದಿದ್ದರೆ ಅದು ಬರೀ ಹಸಿವು.

ನಾನು ಮಾಡಬೇಕೆಂದಿರುವುದನ್ನು ಹೇಳುತ್ತೇನೆ. ಯಜಮಾನರಿಗೂ ಮಗನಿಗೂ ನಿನ್ನೆ ಹೇಳಿದೆ. ಯಜಮಾನರು ಬೈಯಲಿಲ್ಲ, ಊಟಕ್ಕೆ ನನ್ನ ಎದುರು ಕೂಡಲಿಲ್ಲ. ನಾಳೆ ಬೆಳಿಗ್ಗೆ ಅಂದಾನಪ್ಪನವರು ಕಟ್ಟೆಗೆ ಬಂದು ಕುಳಿತ ಮೇಲೆ, ಅಂದು ನಿಂತಿದ್ದ ಅದೇ ಜಾಗದಲ್ಲಿ ನಿಂತು, ಅಂದು ಇದ್ದ ಮಂದಿಯ ಮುಂದೆ ಹೇಳುತ್ತೇನೆ. ಸೇತುವೆಗೂ ಹೋಗಿ ಹೇಳುತ್ತೇನೆ, ಸುದ್ದಿ ಹುಟ್ಟಿದಲ್ಲೇ ಸಾಯಲಿ. ಅಲ್ಲಿಂದ ಮುಸ್ತಾಕನ ಟೆಂಪೋದಲ್ಲಿ ಬೀರಲಿಂಗನ ಊರಿಗೆ, ಅವನ ತಾಯಿಯ ಬಾಗಿಲಿಗೆ. ಅವಳು ನೀರು ಕೊಟ್ಟರೂ ನಾನು ಕುಡಿಯುವಂತಿಲ್ಲ, ರೋಜಾ. ಕೊಡದಿದ್ದರೂ ಸರಿಯೇ. ಅವನ ಅಂಗಡಿಗೂ ಹೋಗಿ ಹೇಳುತ್ತೇನೆ, ಅವರು ಮತ್ತೆ ಕರೆದುಕೊಳ್ಳುತ್ತಾರೋ ಇಲ್ಲವೋ ನನ್ನ ಕೈಯಲ್ಲಿಲ್ಲ.

ಎಲ್ಲಕ್ಕಿಂತ ಮೊದಲು ನಿನಗೆ ಗೊತ್ತಾಗಬೇಕಿತ್ತು. ಕಟ್ಟೆಯ ಮೇಲೆ ಮಂದಿಯ ನಡುವೆ ನಿಂತು ನೀನು ಇದನ್ನು ಮೊದಲ ಸಲ ಕೇಳಬಾರದು. ನನ್ನ ಪರವಾಗಿ ಮಾತು ಕೊಟ್ಟವಳು ನೀನು, ಆ ಮಾತು ಬೀಳುವುದೂ ನಿನ್ನ ಮೇಲೆಯೇ. ಫಕ್ಕೀರಪ್ಪಣ್ಣ ತಪ್ಪಿಲ್ಲದವನ ಮೇಲೆ ಕೈ ಮಾಡಿದೆ ಎಂದು ತಿಳಿದಾಗ ಏನಾಗುತ್ತಾರೋ ತಿಳಿಯದು. ಆ ಪಾಪವೂ ನನ್ನದೇ ಎಂದು ಅವರಿಗೆ ಹೇಳು.

ಡಿಶ್ ಈಗ ಗೋಡೆಯ ಮೇಲಿದೆ. ಇರಲೋ ಬೇಡವೋ ನೀನೇ ಹೇಳಬೇಕು. ತೆಗಿ ಎಂದರೆ ಮುಸ್ತಾಕ ತೆಗೆಯುತ್ತಾನೆ, ಸೊಸೆ ಒಪ್ಪಿದ್ದಾಳೆ. ಇರಲಿ ಎಂದರೆ ಅದರ ಪಾಸ್‌ವರ್ಡ್ ಗುಲ್ನಾಜ ಅಂದೇ ಕಾವೇರಿಗೆ ಹೇಳುತ್ತಾಳೆ. ಲಂಚ ಎಂದುಕೊಳ್ಳಬೇಡ. ನಿನ್ನ ಗೋಡೆಯ ಮೇಲೆ ಇಳಿಯುವುದರಲ್ಲಿ ನಿನ್ನ ಮಗಳದೂ ಪಾಲಿದೆ, ಸಂಕ್ರಾಂತಿಯ ದಿನವೇ ಕೊಡಬೇಕಿತ್ತು. ಆ ಕೋಟನ್ನು ಮಾತ್ರ ಮೆಣಸಿನಕಾಯಿಯ ಕೆಳಗಿನಿಂದ ತೆಗೆದು ತೊಳೆ, ಸಾವಕ್ಕ. ಬಿಸಿನೀರಿಗೆ ಹಾಕಬೇಡ, ಬಣ್ಣ ಕಚ್ಚಿಕೊಳ್ಳುತ್ತದೆ. ಕಲೆ ಹೋಗದಿದ್ದರೆ ನಾನು ಹೊಸದು ಹೊಲಿಸಿ ಕೊಡುತ್ತೇನೆ ಎಂದು ಹೇಳುವ ಮುಖ ನನಗಿಲ್ಲ. ಆದರೂ ಹೇಳಿದೆ.

ನಾಳೆ ಕಟ್ಟೆಗೆ ಹೋಗುವ ಮೊದಲು ನಮ್ಮ ನಿಚ್ಚಣಿಕೆಯ ಬುಡದಲ್ಲಿ ನಿಂತು ಕೂಗುತ್ತೇನೆ. ಹೆಂಗಸರು ಕೂಗುವ ಪದ್ಧತಿ ಇಲ್ಲ, ಗೊತ್ತು. ಈ ಮನೆಯಲ್ಲಿ ಮೊದಲು ಕೂಗಬೇಕಾದವಳು ನಾನೇ ಆಗಿದ್ದೇನೆ. ನೀನು ಹತ್ರೀ ಎಂದರೆ ಮೇಲೆ ಬಂದು ಗೋಡೆಯ ಈಚೆ ನಿಂತು ನಿನ್ನ ಬೈಗುಳ ಕೇಳುತ್ತೇನೆ. ಏನೂ ಅನ್ನದಿದ್ದರೆ ಕೆಳಗೇ ಇರುತ್ತೇನೆ. ಎಷ್ಟು ದಿನ ಎಂದು ಕೇಳುವುದಿಲ್ಲ.

ತಂಗಿ ಎಂದು ಕರೆದಿದ್ದೆಯಲ್ಲ, ಆ ಮಾತಿಗೆ ತಕ್ಕವಳಾಗದ
ಗೌಸಬಿ

ತಾ. ಕ.: ಕಾವೇರಿ, ಇದು ನಿನಗೆ ಮಾತ್ರ. ಅವ್ವನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನೀನು ಬೆಳಗಿನ ಬಸ್ಸಿಗೆ ಹೋದೆ ಎಂದುಕೊಂಡಿದ್ದೆ ಎಂದು ಮೇಲೊಂದು ಕಡೆ ಬರೆದಿದ್ದೇನೆ. ಹೊಡೆದು ಹಾಕಲು ಪೆನ್ನೆತ್ತಿ ಹಾಗೆಯೇ ಬಿಟ್ಟೆ. ಎಲ್ಲ ಖರೆ ಹೇಳಲು ಕುಳಿತಾಗಲೂ ನನ್ನ ಕೈ ಎಂಥದ್ದು ಎಂದು ನೀನು ನೋಡಬೇಕು. ಅಂದು ಬೆಳಿಗ್ಗೆ ನಿಮ್ಮ ಬಚ್ಚಲೊಲೆಯ ಹೊಗೆ ನಮ್ಮ ಅಂಗಳಕ್ಕೆ ಬರುತ್ತಿತ್ತು. ಹತ್ತಿಕಟ್ಟಿಗೆಯ ಹೊಗೆ, ಜೊತೆಗೆ ಸೀಗೆಕಾಯಿಯ ವಾಸನೆ. ನಿನ್ನ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಹುಡುಗಿಯದು ಉದ್ದ ಕೂದಲು, ಎರೆದುಕೊಂಡು ಹೊರಗೆ ಬರಲು ತಡವಾಗುತ್ತದೆ, ಅಷ್ಟರೊಳಗೆ ನಮ್ಮ ಕೆಲಸ ಮುಗಿಯುತ್ತದೆ ಎಂದು ಲೆಕ್ಕ ಹಾಕಿಯೇ ನಾನು ಅವನನ್ನು ಹತ್ತಿಸಿದೆ.